ಮೀನಿನ ರಕ್ತಕ್ಕೆ ಸೇರುವ ಪರಾವಲಂಬಿಗಳು: ಗುರುತಿಸುವುದು ಹೇಗೆ, ಕೊಳದಿಂದ ಓಡಿಸುವುದು ಹೇಗೆ

ಕೊಳದಲ್ಲಿ ಮೀನು ಸಾಯುತ್ತಿಲ್ಲ, ಆದರೆ ಬೆಳೆಯುತ್ತಲೂ ಇಲ್ಲ. ಮೈಮೇಲೆ ಗಾಯವಿಲ್ಲ, ಹುಣ್ಣಿಲ್ಲ, ಹುರುಪೆ ಉದುರಿಲ್ಲ. ಹಾಕಿದ ಮೇವು ಅರ್ಧಕ್ಕರ್ಧ ಉಳಿಯುತ್ತದೆ. ಬೆಳಗಿನ ಜಾವ ನೋಡಿದರೆ ನಾಲ್ಕಾರು ಮೀನು ದಂಡೆಯ ಹತ್ತಿರ ಮಂಕಾಗಿ ನಿಂತಿರುತ್ತವೆ. ಹಿಡಿದು ಕಿವಿರು ಎತ್ತಿದರೆ ಕೆಂಪಗೆ ಇರಬೇಕಾದ್ದು ಪೇಲವವಾಗಿ ಕಾಣುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಔಷಧಿ ಅಂಗಡಿಗೆ ಹೋಗಿ, ಅವರು ಕೊಟ್ಟ ಬಾಟಲಿ ತಂದು ಕೊಳಕ್ಕೆ ಸುರಿಯುತ್ತಾರೆ. ಕಾಯಿಲೆ ರಕ್ತದಲ್ಲಿದ್ದರೆ ಅದು ನೀರಿನಲ್ಲಿ ಹೋಮ ಮಾಡಿದ ಹಾಗೆ. ರಕ್ತದೊಳಗಿನ ಪರಾವಲಂಬಿಯನ್ನು ಕೊಳದ ನೀರಿಗೆ ಔಷಧಿ ಬೆರೆಸಿ ಕೊಲ್ಲಲು ಆಗುವುದಿಲ್ಲ. ಅದನ್ನು ಒಂದು ಮೀನಿನಿಂದ ಇನ್ನೊಂದಕ್ಕೆ ಸಾಗಿಸುವ ಜೀವಿ ಕೊಳದಲ್ಲೇ ಇರುತ್ತದೆ, ಜಿಗಣೆ ಇಲ್ಲವೇ ಬಸವನಹುಳು. ಅದನ್ನು ಹಿಡಿದರೆ ಮಾತ್ರ ಕೆಲಸ ಆಗುತ್ತದೆ. ಈ ಲೇಖನದ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಕೃಷಿ ಹೊಂಡದಲ್ಲಿ, ಕೊಳದಲ್ಲಿ, ಗುತ್ತಿಗೆ ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಸಾಕುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಕೊರವ, ಮಾಗೂರ್ ಸಾಕುವವರಿಗೆ ಇದು ಇನ್ನೂ ಜಾಸ್ತಿ ಬೇಕಾದ ವಿಷಯ.

ಮೊದಲು, ರಕ್ತದಲ್ಲಿ ಇರುವುದು ಯಾರು?

ಮುಖ್ಯವಾಗಿ ಎರಡು ಗುಂಪು.

ಮೊದಲನೆಯದು ಬಾಲದ ಎಳೆಯಿರುವ ಒಂಟಿಕೋಶದ ಜೀವಿಗಳು. ಇವುಗಳಲ್ಲಿ ಟ್ರಿಪನೋಸೋಮ ಹೆಚ್ಚು ಹೆಸರಾದದ್ದು. ಜಗತ್ತಿನಲ್ಲಿ ಮೊಟ್ಟಮೊದಲು ಟ್ರಿಪನೋಸೋಮ ಕಂಡದ್ದೇ ಮೀನಿನ ರಕ್ತದಲ್ಲಿ. 1841ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಗೇಬ್ರಿಯೆಲ್ ವ್ಯಾಲೆಂಟಿನ್ ಎಂಬ ವಿಜ್ಞಾನಿ ಟ್ರೌಟ್ ಮೀನಿನ ರಕ್ತದಲ್ಲಿ ಇದನ್ನು ನೋಡಿದರು. ಮನುಷ್ಯರಿಗೆ ಆಫ್ರಿಕಾದಲ್ಲಿ ನಿದ್ರೆ ಕಾಯಿಲೆ ತರುವ ಟ್ರಿಪನೋಸೋಮ ಪತ್ತೆಯಾದದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಇದರ ಹತ್ತಿರದ ಸಂಬಂಧಿ ಟ್ರಿಪನೋಪ್ಲಾಸ್ಮ. ಟ್ರಿಪನೋಸೋಮಕ್ಕೆ ಎಳೆ ಒಂದು, ಇದಕ್ಕೆ ಎರಡು. ಯುರೋಪಿನ ಗೆಂಡೆ ಸಾಕಣೆಯಲ್ಲಿ ಇದು ಮರಿಗಳನ್ನು ಗುಂಪು ಗುಂಪಾಗಿ ಕೊಲ್ಲುವುದುಂಟು. ನಮ್ಮ ದೇಶದಲ್ಲಿ ಕೊರವ, ಮಾಗೂರ್, ಚೇಳುಮೀನಿನಂಥ ಕೆಸರು ನೀರಿನ ಮೀನುಗಳಲ್ಲಿ ಟ್ರಿಪನೋಸೋಮ ಆಗಾಗ ಸಿಗುತ್ತದೆ.

ಇವನ್ನು ಹೊತ್ತು ತಿರುಗುವುದು ಜಿಗಣೆ. ಸೋಂಕಿರುವ ಮೀನಿನ ರಕ್ತ ಕುಡಿದಾಗ ಪರಾವಲಂಬಿ ಜಿಗಣೆಯ ಹೊಟ್ಟೆ ಸೇರುತ್ತದೆ. ಅಲ್ಲಿ ಸಂಖ್ಯೆ ಹೆಚ್ಚಿಸಿಕೊಂಡು ಬಾಯಿಯ ಕಡೆಗೆ ಬರುತ್ತದೆ. ಜಿಗಣೆ ಇನ್ನೊಂದು ಮೀನನ್ನು ಕಚ್ಚಿದಾಗ ಅದರ ರಕ್ತಕ್ಕೆ ಇಳಿಯುತ್ತದೆ. ಅಂದರೆ ಜಿಗಣೆ ಇಲ್ಲದ ಕೊಳದಲ್ಲಿ ಸೋಂಕಿನ ಮೀನು ಇದ್ದರೂ ಟ್ರಿಪನೋಸೋಮ ಹರಡಲು ದಾರಿ ಇರುವುದಿಲ್ಲ.

ಎರಡನೆಯ ಗುಂಪು ರಕ್ತದ ಚಪ್ಪಟೆ ಹುಳುಗಳು. 1905ರಲ್ಲಿ ಜರ್ಮನಿಯ ಮರಿಯಾನೆ ಪ್ಲೆನ್ ಎಂಬ ಮೀನು ರೋಗತಜ್ಞೆ ಗೆಂಡೆ ಮೀನಿನಲ್ಲಿ ಸಿಕ್ಕ ಇಂಥ ಹುಳುವಿಗೆ ಸ್ಯಾಂಗ್ವಿನಿಕೋಲ ಎಂದು ಹೆಸರಿಟ್ಟರು. ಒಂದು ಮಿಲಿಮೀಟರ್ ಆಸುಪಾಸಿನ ಹುಳು. ಹೃದಯದಲ್ಲಿ, ಕಿವಿರಿಗೆ ಹೋಗುವ ರಕ್ತನಾಳದಲ್ಲಿ ಕೂತಿರುತ್ತದೆ. ಹುಳುವಿಗಿಂತ ಅದರ ಮೊಟ್ಟೆಯ ಕಾಟ ದೊಡ್ಡದು. ಮೊಟ್ಟೆಗಳು ರಕ್ತದ ಜೊತೆ ಹರಿದು ಕಿವಿರಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲೇ ಮರಿಯಾಗಿ, ಕಿವಿರಿನ ಪೊರೆ ಹರಿದು ನೀರಿಗೆ ಬರುತ್ತವೆ. ನೂರಾರು ಮರಿ ಹೀಗೆ ಹೊರಬಿದ್ದರೆ ಮೀನು ರಕ್ತವನ್ನೂ ಕಳೆದುಕೊಳ್ಳುತ್ತದೆ, ಉಸಿರಾಡುವ ಜಾಗವನ್ನೂ ಕಳೆದುಕೊಳ್ಳುತ್ತದೆ.

ನೀರಿಗೆ ಬಂದ ಮರಿ ಸೇರುವುದು ಬಸವನಹುಳುವನ್ನು. ಅದರೊಳಗೆ ಬೆಳೆದು, ಬೇರೊಂದು ರೂಪದಲ್ಲಿ ಹೊರಬಂದು, ಮೀನಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಮೀನಿನ ಕಣ್ಣಿಗೆ, ಚರ್ಮಕ್ಕೆ ಬರುವ ಎಷ್ಟೋ ಚಪ್ಪಟೆ ಹುಳುಗಳ ಸರಪಳಿಯಲ್ಲಿ ನೀರು ಹಕ್ಕಿ ಇರುತ್ತದೆ. ರಕ್ತದ ಹುಳುವಿಗೆ ಹಕ್ಕಿಯ ಹಂಗಿಲ್ಲ. ಮೀನಿನಿಂದ ಬಸವನಹುಳುವಿಗೆ, ಬಸವನಹುಳುವಿನಿಂದ ಮೀನಿಗೆ, ಅಷ್ಟೇ. ಕೊಳದ ಮೇಲೆ ಹಕ್ಕಿ ಬಲೆ ಕಟ್ಟಿದರೆ ಮೀನು ಉಳಿಯಬಹುದು, ಈ ಕಾಯಿಲೆ ನಿಲ್ಲುವುದಿಲ್ಲ.

ಇವೆರಡಲ್ಲದೆ ಕೆಂಪು ರಕ್ತಕಣದ ಒಳಗೇ ಕೂರುವ ಜೀವಿಗಳೂ ಇವೆ. ಅವನ್ನೂ ಸಾಮಾನ್ಯವಾಗಿ ಜಿಗಣೆಯೇ ಹರಡುವುದರಿಂದ ರೈತರು ಮಾಡಬೇಕಾದ ಕೆಲಸ ಬದಲಾಗುವುದಿಲ್ಲ.

ಹಂತ 1: ಬೆಳಗಿನ ಜಾವ ಕೊಳದ ಹತ್ತಿರ ನಿಲ್ಲಿ

ಸೂರ್ಯ ಹುಟ್ಟುವ ಮೊದಲು ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ರಕ್ತ ಕಮ್ಮಿಯಾದ ಮೀನಿಗೆ ಆ ಹೊತ್ತು ಕಷ್ಟದ್ದು. ನೀರಿನಲ್ಲಿ ಇರುವ ಸ್ವಲ್ಪ ಆಮ್ಲಜನಕವನ್ನು ಹೊತ್ತೊಯ್ಯಲು ಮೈಯಲ್ಲಿ ಸಾಕಷ್ಟು ಕೆಂಪುಕಣ ಇರುವುದಿಲ್ಲ. ಹಾಗಾಗಿ ಮೇಲೆ ಬಂದು ಬಾಯಿ ಬಡಿಯುತ್ತದೆ, ನೀರು ಬರುವ ತೂಬಿನ ಹತ್ತಿರ ಗುಂಪು ಕಟ್ಟುತ್ತದೆ.

ಕೊಳದಲ್ಲಿ ಬರೀ ಆಮ್ಲಜನಕದ ಕೊರತೆ ಇದ್ದರೆ ಹೆಚ್ಚುಕಡಿಮೆ ಎಲ್ಲ ಮೀನೂ ಒಟ್ಟಿಗೆ ಮೇಲೆ ಬರುತ್ತವೆ. ಬಿಸಿಲೇರಿದ ಮೇಲೆ ಎಲ್ಲವೂ ಸರಿಹೋಗುತ್ತವೆ. ಕೆಲವೇ ಮೀನು ದಿನವೂ ಮೇಲೆ ಬಂದು, ಹತ್ತು ಗಂಟೆಯಾದರೂ ಚುರುಕಾಗದಿದ್ದರೆ ಕಾಯಿಲೆಯನ್ನು ಅನುಮಾನಿಸಿ. ನೀರಿನ ಆಮ್ಲಜನಕ ಅಳೆಯುವ ಕಿಟ್ ಇದ್ದರೆ ಆ ಹೊತ್ತಿಗೇ ಅಳೆಯಿರಿ. ಲೀಟರಿಗೆ 4ರಿಂದ 5 ಮಿಲಿಗ್ರಾಂ ಇದ್ದೂ ಮೀನು ಬಾಯಿ ಬಡಿಯುತ್ತಿದ್ದರೆ ತೊಂದರೆ ಮೀನಿನ ಒಳಗೆ ಇದೆ ಎಂದು ಅರ್ಥ.

ಮೈ ಬಣ್ಣ ಕಪ್ಪಾಗುವುದು, ತಲೆ ದೊಡ್ಡದಾಗಿ ಮೈ ಸೊರಗುವುದು, ಕಣ್ಣು ಗುಳಿ ಬೀಳುವುದು ಅಥವಾ ಉಬ್ಬುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಬಲೆ ಎಳೆದರೂ ಎಗರದೆ ಸುಮ್ನೆ ಬಿದ್ದಿರುವುದು, ಇವೂ ಲಕ್ಷಣಗಳೇ. ಆದರೆ ಇವುಗಳಲ್ಲಿ ಒಂದೂ ರಕ್ತದ ಪರಾವಲಂಬಿಗೆ ಮಾತ್ರ ಮೀಸಲಲ್ಲ. ನೋಡಿದ ಕೂಡಲೇ ಹೆಸರು ಹೇಳುವವರನ್ನು ನಂಬಬೇಡಿ.

ಹಂತ 2: ಹಿಡಿದ ತಕ್ಷಣ ಕಿವಿರು, ಆಮೇಲೆ ಬಕೆಟ್ಟಿನ ತಳ

ಮಂಕಾದ ಮೀನನ್ನೇ ಹಿಡಿಯಿರಿ. ಹೋಲಿಸಿ ನೋಡಲು ಚೆನ್ನಾಗಿರುವ ಎರಡು ಮೀನನ್ನೂ ಇಟ್ಟುಕೊಳ್ಳಿ. ನೀರಿನಿಂದ ತೆಗೆದ ಒಂದೆರಡು ನಿಮಿಷದೊಳಗೆ ಕಿವಿರಿನ ಮುಚ್ಚಳ ಎತ್ತಿ ನೋಡಬೇಕು. ಸತ್ತ ಮೀನಿನ ಕಿವಿರು ತಾನಾಗಿಯೇ ಬೆಳ್ಳಗಾಗುತ್ತದೆ, ಅದನ್ನು ನೋಡಿ ರಕ್ತಹೀನತೆ ಅನ್ನಲಾಗದು.

ಚೆನ್ನಾಗಿರುವ ಕಾಟ್ಲಾದ ಕಿವಿರು ಗಾಢ ಕೆಂಪು. ರಕ್ತ ಕಮ್ಮಿಯಾದದ್ದು ನಸುಗುಲಾಬಿ, ಇನ್ನೂ ಜಾಸ್ತಿಯಾದರೆ ಬೂದು ಬಿಳಿ. ಪೂರ್ತಿ ಪೇಲವವಾಗಿದೆಯೋ, ಅಲ್ಲಲ್ಲಿ ಕೆಂಪು ಬಿಳಿ ಪಟ್ಟೆಯೋ ಎಂದು ಗಮನಿಸಿ. ಪಟ್ಟೆ ಪಟ್ಟೆಯಾಗಿದ್ದರೆ ರಕ್ತನಾಳ ಕಟ್ಟಿಕೊಂಡಿರಬಹುದು. ರಕ್ತದ ಹುಳುವಿನ ಮೊಟ್ಟೆಯಿಂದಲೂ ಹೀಗಾಗುತ್ತದೆ, ಕಿವಿರು ಕೊಳೆಯುವ ಶಿಲೀಂಧ್ರದಿಂದಲೂ ಹೀಗಾಗುತ್ತದೆ.

ಈಗ ಜಿಗಣೆ ಹುಡುಕಿ. ಈಜುರೆಕ್ಕೆಯ ಬುಡ, ಕಿವಿರಿನ ಗೂಡು, ಬಾಯೊಳಗೆ, ಗುದದ್ವಾರದ ಸುತ್ತ ನೋಡಿ. ಮೀನಿನ ಜಿಗಣೆ ಎಂದರೆ ಮಲೆನಾಡಿನ ಇಂಬಳದ ಗಾತ್ರ ನೆನಸಿಕೊಳ್ಳಬೇಡಿ. ಒಂದರಿಂದ ಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಹಸಿರು ಮಿಶ್ರಿತ ಕಂದು ಬಣ್ಣ, ಮೀನಿನ ಲೋಳೆಯ ಜೊತೆ ಒಂದಾಗಿ ಕಾಣುತ್ತದೆ. ಕೆಲವು ಜಾತಿಗಳು ಮೊಟ್ಟೆಯನ್ನೂ ಮರಿಯನ್ನೂ ತಮ್ಮ ಹೊಟ್ಟೆಯಡಿಗೇ ಅಂಟಿಸಿಕೊಂಡು ತಿರುಗುತ್ತವೆ. ಹೊಟ್ಟೆ ತುಂಬಿದ ಜಿಗಣೆ ಮೀನನ್ನು ಬಿಟ್ಟು ಕೆಸರಿಗೆ ಇಳಿಯುವುದರಿಂದ ಮೈಮೇಲೆ ಬರೀ ಗುಂಡನೆಯ ಕೆಂಪು ಗುರುತು ಉಳಿದಿರಬಹುದು. ಮೀನು ಹಿಡಿದ ಗಡಿಬಿಡಿಯಲ್ಲೂ ಜಿಗಣೆ ಕಳಚಿಕೊಳ್ಳುತ್ತದೆ. ಹಾಗಾಗಿ ಮೀನನ್ನು ಬಿಳಿ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಬಕೆಟ್ಟಿನ ತಳ ಮತ್ತು ಗೋಡೆ ನೋಡುವುದನ್ನು ಮರೆಯಬೇಡಿ. ಮೈಮೇಲೆ ಒಂದೂ ಸಿಗದ ಮೀನಿನ ಬಕೆಟ್ಟಿನಲ್ಲಿ ಐದಾರು ಸಿಗುವುದುಂಟು.

ಕೊಳದಲ್ಲಿ ಜಿಗಣೆ ಇದೆಯೇ ಎಂದು ನೋಡಲು ಇನ್ನೊಂದು ಉಪಾಯ. ಮುಚ್ಚಳ ಇರುವ ಡಬ್ಬಿಗೆ ಸುತ್ತಲೂ ಪೆನ್ಸಿಲ್ ಗಾತ್ರದ ತೂತು ಮಾಡಿ. ಒಳಗೆ ಕೋಳಿಯ ಈಲಿ ಅಥವಾ ಮಾಂಸದ ತುಂಡು, ಒಂದು ಕಲ್ಲು ಹಾಕಿ. ಹಗ್ಗ ಕಟ್ಟಿ ಸಂಜೆ ಜೊಂಡಿನ ಹತ್ತಿರ, ತೂಬಿನ ಹತ್ತಿರ ಮುಳುಗಿಸಿ. ಬೆಳಿಗ್ಗೆ ನಿಧಾನಕ್ಕೆ ಎತ್ತಿ ತೆಗೆದು ನೋಡಿ. ಮೀನಿಗೇ ಅಂಟುವ ಕೆಲವು ಜಾತಿ ಇದಕ್ಕೆ ಬರುವುದಿಲ್ಲ. ಆದ್ದರಿಂದ ಡಬ್ಬಿ ಖಾಲಿ ಇದ್ದ ಮಾತ್ರಕ್ಕೆ ಕೊಳದಲ್ಲಿ ಜಿಗಣೆಯೇ ಇಲ್ಲ ಎಂದು ತೀರ್ಮಾನಿಸಬೇಡಿ.

ಬಸವನಹುಳುವಿಗೂ ಒಂದು ಪರೀಕ್ಷೆ ಇದೆ. ಜೊಂಡಿನಲ್ಲಿ ಸಿಗುವ ತೆಳು ಚಿಪ್ಪಿನ ಹತ್ತಿಪ್ಪತ್ತು ಹುಳುಗಳನ್ನು ಆಯ್ದು, ತೊಳೆದು, ಗಾಜಿನ ಲೋಟದಲ್ಲಿ ಶುದ್ಧ ನೀರು ಹಾಕಿ ಬಿಡಿ. ಲೋಟವನ್ನು ಬೆಳಕಿರುವ ಕಡೆ, ಆದರೆ ಸುಡು ಬಿಸಿಲಿಲ್ಲದ ಕಡೆ ಇಡಿ. ಕೆಲವು ಗಂಟೆ ಬಿಟ್ಟು ಕಪ್ಪು ಬಟ್ಟೆಯ ಮುಂದೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಚುಕ್ಕೆಗಳು ಎಗರಾಡುತ್ತಿದ್ದರೆ ಬಸವನಹುಳುವಿನೊಳಗೆ ಯಾವುದೋ ಚಪ್ಪಟೆ ಹುಳು ಬೆಳೆದಿದೆ. ಅದು ಯಾವುದು ಎಂದು ಹೇಳಲು ಸೂಕ್ಷ್ಮದರ್ಶಕ ಬೇಕು. ಆ ನೀರಿಗೆ ಬೆರಳು ಅದ್ದಬೇಡಿ. ಹೀಗೆ ಹೊರಬರುವ ಕೆಲವು ಜಾತಿಗಳು ಮನುಷ್ಯರ ಚರ್ಮಕ್ಕೂ ನುಗ್ಗಿ ತುರಿಕೆ ಎಬ್ಬಿಸುತ್ತವೆ.

ಹಂತ 3: ಒಂದು ಹನಿ ರಕ್ತ

ಇಡೀ ಕೆಲಸದ ಜೀವಾಳ ಇದು. ರಕ್ತ ನೋಡದೆ ರಕ್ತದ ಪರಾವಲಂಬಿ ಎಂದು ಹೇಳಲು ಸಾಧ್ಯವಿಲ್ಲ.

ಸೂಕ್ಷ್ಮದರ್ಶಕ ಇರುವ ಕಡೆ ಜೀವಂತ ಮೀನನ್ನೇ ಒಯ್ಯಿರಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಮರಿ ಸಾಗಿಸುವ ಹಾಗೆಯೇ. ಮೀನು ಸತ್ತ ಮೇಲೆ ಟ್ರಿಪನೋಸೋಮವೂ ಬೇಗ ಸಾಯುತ್ತದೆ, ಓಡಾಟ ನಿಂತರೆ ಕಣ್ಣಿಗೆ ಬೀಳುವುದೇ ಕಷ್ಟ. ಐಸಿನಲ್ಲಿಟ್ಟು ತಂದ ಮೀನು ಬೇರೆ ಪರೀಕ್ಷೆಗೆ ಆಗಬಹುದು, ಇದಕ್ಕೆ ಆಗುವುದಿಲ್ಲ.

ಎಲ್ಲಿಗೆ ಒಯ್ಯುವುದು? ಮೊದಲು ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಿಳಿಸಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೀನುಗಾರಿಕೆ ತಜ್ಞರಿದ್ದರೆ ಅವರನ್ನು ಕೇಳಿ. ಕರಾವಳಿ ಕಡೆಯವರಿಗೆ 1969ರಿಂದ ನಡೆಯುತ್ತಿರುವ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದೆ. ಬೆಂಗಳೂರು ಸುತ್ತಿನವರಿಗೆ ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರಗಳಿವೆ. ಮೊಬೈಲಿನಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಆಪ್ ಕೂಡ ಇದೆ. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ರೂಪಿಸಿದ ಇದನ್ನು ಕೇಂದ್ರ ಸರ್ಕಾರ 2023ರಲ್ಲಿ ಬಿಡುಗಡೆ ಮಾಡಿತು. ರೈತರು ಅದರಲ್ಲಿ ಕಾಯಿಲೆಯ ವಿವರವನ್ನು ಫೋಟೋ ಸಮೇತ ಕಳಿಸಬಹುದು.

ಪರೀಕ್ಷೆ ಮಾಡುವವರು ಏನು ಮಾಡುತ್ತಾರೆ ಎಂದು ನಿಮಗೂ ಗೊತ್ತಿರಲಿ. ಮರಿ ಉತ್ಪಾದನಾ ಕೇಂದ್ರ ನಡೆಸುವವರು, ಒಂದು ಸಾಧಾರಣ ಸೂಕ್ಷ್ಮದರ್ಶಕ ಇಟ್ಟುಕೊಂಡವರು ಇದನ್ನು ತಾವೇ ಕಲಿಯಬಹುದು.

ದೊಡ್ಡ ಮೀನಾದರೆ ಮೊದಲು ಮಂಪರು ಬರಿಸಬೇಕು. ಅರ್ಧ ಮಿ.ಲೀ. ಲವಂಗದ ಎಣ್ಣೆಯನ್ನು ಐದು ಮಿ.ಲೀ. ಸ್ಪಿರಿಟ್ಟಿನಲ್ಲಿ ಕಲಸಿ 10 ಲೀಟರ್ ನೀರಿಗೆ ಬೆರೆಸಿದರೆ ಕೆಲವು ನಿಮಿಷದಲ್ಲಿ ಮೀನು ಶಾಂತವಾಗುತ್ತದೆ. ಗುದದ ಈಜುರೆಕ್ಕೆ ಮುಗಿದ ಕೂಡಲೇ, ಬಾಲದ ಕಡೆ, ಕೆಳಗಿನ ನಡುಗೆರೆಯಲ್ಲಿ ಸೂಜಿ ನೆಟ್ಟಗೆ ಮೇಲಕ್ಕೆ ಚುಚ್ಚುತ್ತಾರೆ. ಬೆನ್ನುಮೂಳೆಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಹಿಂದಕ್ಕೆ ತಂದು ನಿಧಾನಕ್ಕೆ ಎಳೆದರೆ ರಕ್ತ ಬರುತ್ತದೆ. ಜೋರಾಗಿ ಎಳೆದರೆ ನಾಳ ಮುಚ್ಚಿಕೊಂಡು ಏನೂ ಬರುವುದಿಲ್ಲ. ಅರ್ಧ ಕೆಜಿ ಮೀನಿಗೆ ಅರ್ಧ ಮಿ.ಲೀ.ಗಿಂತ ಹೆಚ್ಚು ಬೇಡ. ಲವಂಗದೆಣ್ಣೆ ಕೊಟ್ಟ ಮೀನನ್ನು ಮಾರಾಟಕ್ಕೆ ಕಳಿಸಬೇಡಿ.

ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಮೇಲೆ ತೆಳು ಗಾಜು ಮುಚ್ಚಿ, ಒಣಗುವ ಮೊದಲೇ ನೋಡಬೇಕು. ಮೊದಲು ಕಡಿಮೆ ಶಕ್ತಿಯ ಮಸೂರ, ಆಮೇಲೆ 40ರ ಮಸೂರ. ತಿಳಿ ಹಳದಿ ಬಣ್ಣದ ಮೊಟ್ಟೆಯಾಕಾರದ ಕಣಗಳು ಒತ್ತೊತ್ತಾಗಿ ಕಾಣುತ್ತವೆ. ಅವೇ ಕೆಂಪು ರಕ್ತಕಣ. ಟ್ರಿಪನೋಸೋಮವನ್ನು ನೇರವಾಗಿ ಹುಡುಕಲು ಹೋಗಬೇಡಿ. ಕಣಗಳ ರಾಶಿಯಲ್ಲಿ ಒಂದು ಕಡೆ ಮಾತ್ರ ಕಣಗಳು ಕದಲುತ್ತಿವೆಯೇ ನೋಡಿ. ಯಾರೋ ಒಳಗಿನಿಂದ ತಳ್ಳಿದ ಹಾಗೆ ನಾಲ್ಕು ಕಣ ಆ ಕಡೆ, ಎರಡು ಕಣ ಈ ಕಡೆ ಸರಿಯುತ್ತವೆ. ಅಲ್ಲಿ ಬೆಳಕು ಸ್ವಲ್ಪ ಕಡಿಮೆ ಮಾಡಿ ನಿಂತು ನೋಡಿದರೆ, ಗಾಜಿನಂತೆ ಪಾರದರ್ಶಕವಾದ, ಕಣಕ್ಕಿಂತ ಎರಡು ಮೂರು ಪಟ್ಟು ಉದ್ದದ ಎಳೆ ಸುರುಳಿ ಬಿಚ್ಚುತ್ತಾ ಕಟ್ಟುತ್ತಾ ಇರುತ್ತದೆ. ಮೈಯ ಒಂದು ಅಂಚಿನಲ್ಲಿ ತೆಳು ಪೊರೆ ಅಲೆಯಾಡುವುದೂ ಕಾಣುತ್ತದೆ. ಅದೇ ಟ್ರಿಪನೋಸೋಮ.

ಗುರುತು ಉಳಿಸಿಕೊಳ್ಳಲು ಇನ್ನೊಂದು ಹನಿಯನ್ನು ಗಾಜಿನ ಮೇಲೆ ತೆಳುವಾಗಿ ಎಳೆದು, ಒಣಗಿಸಿ, ಮೆಥನಾಲಿನಲ್ಲಿ ಐದು ನಿಮಿಷ ಇಟ್ಟು, ಗೀಮ್ಸಾ ಬಣ್ಣ ಹಾಕುತ್ತಾರೆ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ನಮ್ಮ ಕೆಂಪುಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಮೀನಿನ ಕೆಂಪುಕಣದಲ್ಲಿ ಇದೆ. ಬಣ್ಣ ಹಾಕಿದಾಗ ಪ್ರತಿ ಕಣದ ನಡುವೆ ಒಂದು ನೇರಳೆ ಚುಕ್ಕೆ ಕಾಣುತ್ತದೆ. ಮನುಷ್ಯರ ರಕ್ತ ನೋಡಿಯೇ ಅಭ್ಯಾಸವಾದ ಲ್ಯಾಬಿನವರು ಅದನ್ನು ಪರಾವಲಂಬಿ ಎಂದುಕೊಳ್ಳಬಹುದು. ಆದ್ದರಿಂದ ಊರಿನ ಸಾಮಾನ್ಯ ರಕ್ತ ಪರೀಕ್ಷೆಯ ಅಂಗಡಿಗೆ ಮೀನಿನ ರಕ್ತ ಕೊಡುವುದು ಬೇಡ.

ರಕ್ತದ ಹುಳುವಿಗೆ ರಕ್ತದ ಹನಿ ಸಾಲದು. ಕಿವಿರಿನ ಒಂದು ಎಸಳನ್ನು ಕತ್ತರಿಸಿ ಗಾಜಿನ ನಡುವೆ ಒತ್ತಿ ನೋಡಿದರೆ ನಾಳಗಳ ಒಳಗೆ ಸಾಲಾಗಿ ಸಿಕ್ಕಿಕೊಂಡ ಮೊಟ್ಟೆಗಳು ಕಾಣುತ್ತವೆ. ಗೆಂಡೆಯ ರಕ್ತಹುಳುವಿನ ಮೊಟ್ಟೆ ಹೆಚ್ಚುಕಡಿಮೆ ತ್ರಿಕೋನಾಕಾರ. ಹೃದಯವನ್ನು ಉಪ್ಪುನೀರಿನಲ್ಲಿ ಸೀಳಿದರೆ ಬೆಳೆದ ಹುಳುವೇ ಸಿಗಬಹುದು. ಮೂತ್ರಪಿಂಡವನ್ನೂ ನೋಡಿಸಿ, ಮೊಟ್ಟೆಗಳು ಅಲ್ಲಿಗೂ ಹೋಗುತ್ತವೆ.

ಸಿಕ್ಕಿತು ಎಂದ ಕೂಡಲೇ ಗಾಬರಿ ಬೇಡ. ಕೆರೆಯ ಕೊರವ ಮೀನಿನಲ್ಲಿ ಅಲ್ಲೊಂದು ಇಲ್ಲೊಂದು ಟ್ರಿಪನೋಸೋಮ ಇದ್ದೂ ಮೀನು ಚೆನ್ನಾಗಿಯೇ ಇರುತ್ತದೆ. ಇಡೀ ಹನಿ ಹುಡುಕಿದರೆ ಒಂದು ಸಿಗುವುದಕ್ಕೂ, ನೋಡಿದಲ್ಲೆಲ್ಲ ನಾಲ್ಕೈದು ಓಡಾಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಎಷ್ಟಿವೆ ಎಂದು ಕೇಳಿ, ಬರೆದುಕೊಳ್ಳಿ. ಜೊತೆಗೆ ಕೆಂಪುಕಣದ ಪ್ರಮಾಣ ಎಷ್ಟು ಎಂದೂ ಕೇಳಿ. ಚೆನ್ನಾಗಿರುವ ಗೆಂಡೆ ಜಾತಿಯ ಮೀನಿನಲ್ಲಿ ರಕ್ತದ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಕೆಂಪುಕಣ ಇರುತ್ತದೆ. ಅದು ಶೇ 15ಕ್ಕಿಂತ ಕೆಳಗೆ ಇಳಿದಿದ್ದರೆ ಮೀನು ನಿಜವಾಗಿಯೂ ಬಳಲಿದೆ.

ಹಂತ 4: ಬೇರೆ ಕಾರಣ ಇಲ್ಲ ತಾನೇ?

ಕಿವಿರು ಪೇಲವವಾಗಲು ಪರಾವಲಂಬಿಯೇ ಬೇಕಿಲ್ಲ. ಹಳೆಯದಾಗಿ ಕಮಟು ಬಂದ ಹಿಂಡಿ, ಬೂಸ್ಟು ಹಿಡಿದ ತೌಡು ತಿಂದ ಮೀನಿಗೂ ರಕ್ತ ಕಮ್ಮಿಯಾಗುತ್ತದೆ. ಮೀನು ಹೇನು ಜಾಸ್ತಿಯಾದರೂ ಹೀಗೇ. ಅದು ಚಪ್ಪಟೆಯಾಗಿ, ಕಾಳಿನ ಗಾತ್ರದಲ್ಲಿ ಮೈಮೇಲೆ ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ. ಮೀನು ಹೇನು ಗಟ್ಟಿ ಜಾಗದಲ್ಲಿ ಮೊಟ್ಟೆ ಇಡುವುದರಿಂದ ಕೊಳದಲ್ಲಿ ಬಿದಿರು, ಹಲಗೆ ನೆಟ್ಟು, ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿದರೆ ಬಹಳಷ್ಟು ಮೊಟ್ಟೆ ನಾಶವಾಗುತ್ತವೆ.

ಕಿವಿರು ಪೇಲವವಾಗುವ ಬದಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರಿನ ನೈಟ್ರೈಟ್ ಅಳೆಸಿ. ಅದು ಪೂರ್ತಿ ಬೇರೆ ತೊಂದರೆ. ನೀರು ಬದಲಿಸಿ, ಮೇವು ನಿಲ್ಲಿಸಿ, ಇಲಾಖೆಯವರ ಲೆಕ್ಕದಂತೆ ಉಪ್ಪು ಹಾಕಿದರೆ ಬೇಗ ಸರಿಹೋಗುತ್ತದೆ.

ಹಂತ 5: ಕೊಳದಲ್ಲಿ ಮೀನು ಇರುವಾಗ

ರಕ್ತದಲ್ಲಿ ಪರಾವಲಂಬಿ ಇರುವುದು ಖಚಿತವಾಯಿತು, ಮಾರಾಟಕ್ಕೆ ಇನ್ನೂ ನಾಲ್ಕು ತಿಂಗಳಿದೆ ಎಂದುಕೊಳ್ಳಿ. ಈಗ ನಿಮ್ಮ ಕೆಲಸ ಎರಡು. ಮೀನಿನ ಮೇಲಿನ ಹೊರೆ ಇಳಿಸುವುದು, ಹೊಸ ಸೋಂಕು ತಡೆಯುವುದು.

ಹೊರೆ ಇಳಿಸಲು ಆಮ್ಲಜನಕವೇ ಮುಖ್ಯ. ರಾತ್ರಿ ಎರಡು ಗಂಟೆಯಿಂದ ಬೆಳಿಗ್ಗೆಯವರೆಗೆ ಏರೇಟರ್ ಓಡಿಸಿ. ಇಲ್ಲದಿದ್ದರೆ ಪಂಪಿನ ನೀರನ್ನು ಎತ್ತರದಿಂದ ಚಿಮ್ಮಿಸಿ. ಮೇವು ಅರ್ಧಕ್ಕೆ ಇಳಿಸಿ, ಆದರೆ ಹೊಸದಾದ, ಒಳ್ಳೆಯ ಮೇವು ಕೊಡಿ. ಬಲೆ ಎಳೆಯುವುದು, ತೂಕ ನೋಡುವುದು, ಬೇರೆ ಕೊಳಕ್ಕೆ ಸಾಗಿಸುವುದು ಬೇಡ. ರಕ್ತ ಕಮ್ಮಿಯಾದ ಮೀನು ಬಲೆಯಲ್ಲಿ ಒದ್ದಾಡಿ ಅಲ್ಲೇ ಸಾಯುತ್ತದೆ. ಟ್ರಿಪನೋಸೋಮ, ಟ್ರಿಪನೋಪ್ಲಾಸ್ಮ ಬಂದ ಮೀನು ಮೊದಲ ಹೊಡೆತ ತಡೆದುಕೊಂಡರೆ ಎಷ್ಟೋ ಸಲ ತನ್ನದೇ ರೋಗನಿರೋಧಕ ಶಕ್ತಿಯಿಂದ ಚೇತರಿಸಿಕೊಳ್ಳುತ್ತದೆ. ಆ ಅವಕಾಶವನ್ನು ನಾವು ಅದಕ್ಕೆ ಕೊಡಬೇಕು.

ಹೊಸ ಸೋಂಕು ತಡೆಯಲು ಜೊಂಡು, ಅಂತರಗಂಗೆ, ನೀರೊಳಗಿನ ಕಳೆ ಎಲ್ಲ ಕಿತ್ತು ದಂಡೆಯಿಂದ ದೂರ ಒಣಗಿಸಿ. ಬಸವನಹುಳು, ಅದರ ಲೋಳೆ ಮೊಟ್ಟೆ, ಜಿಗಣೆ ಎಲ್ಲ ಅದರ ಜೊತೆಗೇ ಹೊರಬರುತ್ತವೆ. ಕಿತ್ತದ್ದನ್ನು ದಂಡೆಯಲ್ಲೇ ಬಿಟ್ಟರೆ ಒಂದು ಮಳೆಗೆ ಮತ್ತೆ ಒಳಗೆ. ಬಾಳೆ ಎಲೆ ಅಥವಾ ತೆಂಗಿನ ಗರಿಯ ಕಟ್ಟನ್ನು ಸಂಜೆ ನೀರಿಗೆ ಹಾಕಿ ಬೆಳಿಗ್ಗೆ ಎತ್ತಿದರೆ ಬಸವನಹುಳು ಅಂಟಿಕೊಂಡಿರುತ್ತವೆ. ವಾರಗಟ್ಟಲೆ ಬಿಡದೆ ಮಾಡಿದರೆ ಸಂಖ್ಯೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಈಲಿ ಡಬ್ಬಿಯನ್ನೂ ಹೀಗೇ ಮುಂದುವರಿಸಿ.

ತೊಟ್ಟಿಯಲ್ಲಿರುವ ತಾಯಿ ಮೀನಿಗೆ ಜಿಗಣೆ ಅಂಟಿದ್ದರೆ ಉಪ್ಪಿನ ಸ್ನಾನ ಕೆಲಸ ಮಾಡುತ್ತದೆ. 100 ಲೀಟರ್ ನೀರಿಗೆ 2.5 ಕೆಜಿ ಕಲ್ಲುಪ್ಪು ಕರಗಿಸಿ, ಐದರಿಂದ ಹತ್ತು ನಿಮಿಷ. ಕೈಗಡಿಯಾರಕ್ಕಿಂತ ಮೀನನ್ನು ನೋಡಿ. ಮಗ್ಗುಲಿಗೆ ವಾಲಿದರೆ ಆ ಕ್ಷಣವೇ ಒಳ್ಳೆಯ ನೀರಿಗೆ ಬಿಡಿ. ಮೊದಲು ಒಂದೆರಡು ಮೀನಿಗೆ ಮಾಡಿ ನೋಡಿ, ಆಮೇಲೆ ಉಳಿದವಕ್ಕೆ. ತೀರಾ ಬಳಲಿದ ಮೀನಿಗೆ ಮಾಡಬೇಡಿ. ಉಪ್ಪಿಗೆ ಜಿಗಣೆ ಕಚ್ಚಿದ್ದನ್ನು ಬಿಡುತ್ತದೆ, ಸಾಯಲೇಬೇಕೆಂದಿಲ್ಲ. ಹಾಗಾಗಿ ಆ ನೀರನ್ನು ಕೊಳಕ್ಕೆ ಚೆಲ್ಲಬಾರದು. ರಕ್ತದೊಳಗೆ ಇರುವುದಕ್ಕೆ ಉಪ್ಪು ಏನೂ ಮಾಡುವುದಿಲ್ಲ ಎನ್ನುವುದೂ ನೆನಪಿರಲಿ.

ಔಷಧಿ ಇಲ್ಲವೇ ಇಲ್ಲವಾ? ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್ ಊರಿನ ಕಡಲಲ್ಲಿ ಟ್ಯೂನಾ ಮೀನನ್ನು ಪಂಜರದಲ್ಲಿ ಸಾಕುತ್ತಾರೆ. ಅಲ್ಲಿ ರಕ್ತದ ಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿಯನ್ನು ಮೇವಿನಲ್ಲಿ ಕೊಡುತ್ತಾರೆ. ಆದರೆ ಅಲ್ಲೂ ಪಂಜರವನ್ನು ಆಳ ಕಡಲಿಗೆ ಸರಿಸಿದಾಗ ಸೋಂಕು ಕಡಿಮೆಯಾಯಿತು. ಬಸವನಹುಳುವಿನ ಬದಲು ಅಲ್ಲಿ ಹುಳುವನ್ನು ಸಾಗಿಸುವುದು ಕಡಲ ತಳದ ಎರೆಹುಳುವಿನಂಥ ಜೀವಿ, ಅದರಿಂದ ದೂರ ಹೋದದ್ದೇ ಕಾರಣ. ಒಂದೊಂದು ಮೀನೂ ಭಾರಿ ಬೆಲೆ ಬಾಳುವ ಕಡೆ ಔಷಧಿಯ ಲೆಕ್ಕ ಕೂಡಬಹುದು. ನಮ್ಮ ಕಾಟ್ಲಾ ಕೊಳಕ್ಕೆ, ಮೇವೇ ತಿನ್ನದ ಮೀನಿಗೆ ಆ ದಾರಿ ಹೊಂದುವುದಿಲ್ಲ. ತಜ್ಞರು ಬರೆದುಕೊಡದೆ ಯಾವುದನ್ನೂ ಮೇವಿಗೆ ಬೆರೆಸಬೇಡಿ.

ಇನ್ನು ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಜಿಗಣೆಗೆಂದು ಕೊಳಕ್ಕೆ ಹಾಕುವುದು. ದಯವಿಟ್ಟು ಬೇಡ. ಮೀನಿನ ಆಹಾರವಾದ ಸಣ್ಣ ಜೀವಿಗಳೆಲ್ಲ ಮೊದಲು ಸಾಯುತ್ತವೆ, ಮಾಂಸದಲ್ಲಿ ವಿಷ ಉಳಿಯುತ್ತದೆ, ಕೆಸರಿನೊಳಗಿನ ಜಿಗಣೆ ಬದುಕಿಕೊಳ್ಳುತ್ತದೆ. ಮಲಾಕೈಟ್ ಗ್ರೀನ್, ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್ ಇವು ತಿನ್ನುವ ಮೀನಿಗೆ ನಿಷೇಧವಾಗಿರುವ ವಸ್ತುಗಳು. ಯಾರು ಎಷ್ಟೇ ಹೇಳಿದರೂ ಮುಟ್ಟಬೇಡಿ.

ಹಂತ 6: ಕೊಳ ಖಾಲಿಯಾದಾಗ, ನಿಜವಾದ ಚಿಕಿತ್ಸೆ

ಕರ್ನಾಟಕದಲ್ಲಿ ಹೆಚ್ಚಿನವರು ಮರಿ ಬಿಡುವುದು ಮಳೆಗಾಲದಲ್ಲಿ. ಅಂದರೆ ಏಪ್ರಿಲ್, ಮೇ ಬಿಸಿಲು ನಮಗೆ ಪುಕ್ಕಟೆ ಸಿಗುವ ಔಷಧಿ. ಅದನ್ನು ಬಿಡಬೇಡಿ.

ಪೂರ್ತಿ ನೀರು ತೆಗೆಯಿರಿ. ಗುಂಡಿಗಳಲ್ಲಿ ಉಳಿದ ನೀರನ್ನೂ ಬಕೆಟ್ಟಿನಲ್ಲಾದರೂ ಎತ್ತಿ ಹಾಕಿ. ಒಂದು ಗುಂಡಿ ನೀರು ಉಳಿದರೆ ಇಡೀ ಕೊಳದ ಜಿಗಣೆಗಳು ಅಲ್ಲಿ ಸೇರುತ್ತವೆ. ತಳದ ಕಪ್ಪು ಕೆಸರು ಜಾಸ್ತಿ ಇದ್ದರೆ ತೆಗೆಸಿ ಹೊಲಕ್ಕೆ ಹಾಕಿ. ಮಣ್ಣು ಬಿರುಕು ಬಿಡುವ ತನಕ ಒಣಗಿಸಿ. ಬಿರುಕಿನಲ್ಲಿ ಬೆರಳು ಇಟ್ಟರೆ ಒಳಗೂ ಒಣಗಿರಬೇಕು. ಮೇಲೆ ಹೊಪ್ಪಳಿಕೆ ಕಟ್ಟಿ ಒಳಗೆ ಹಸಿ ಇದ್ದರೆ ಜಿಗಣೆ ಅಲ್ಲೇ ಮುದುಡಿಕೊಂಡು ಮಳೆಗೆ ಕಾಯುತ್ತದೆ. ಆದ್ದರಿಂದ ಒಮ್ಮೆ ಉಳುಮೆ ಮಾಡಿ ಮತ್ತೆ ಒಣಗಿಸುವುದು ಒಳ್ಳೆಯದು.

ಮಾಮೂಲಿ ಕೊಳ ತಯಾರಿಗೆ ಎಕರೆಗೆ 80ರಿಂದ 120 ಕೆಜಿ ಸುಣ್ಣ ಹಾಕುತ್ತೇವಲ್ಲ, ಜಿಗಣೆ ಮತ್ತು ಬಸವನಹುಳು ಇದ್ದ ಕೊಳಕ್ಕೆ ಅಷ್ಟು ಸಾಲದು. ಸುಟ್ಟ ಸುಣ್ಣವನ್ನೇ, ಎಕರೆಗೆ 400 ಕೆಜಿ ಆಸುಪಾಸು, ತಳಕ್ಕೂ ಒಳದಂಡೆಗೂ ಬೀಳುವ ಹಾಗೆ ಎರಚಿ. ಒದ್ದೆ ಉಳಿದ ಜಾಗಗಳಿಗೆ, ತೂಬಿನ ಬಾಯಿಗೆ ಜಾಸ್ತಿ ಹಾಕಿ. ಸುಣ್ಣ ಕೆಲಸ ಮಾಡಲು ಸ್ವಲ್ಪ ತೇವ ಬೇಕು. ಗಾಳಿಗೆ ಬೆನ್ನು ಮಾಡಿ, ಕನ್ನಡಕ, ಕೈಗವಸು, ಬೂಟು ಹಾಕಿಕೊಂಡೇ ಎರಚಿ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನೀರು ತುಂಬಿದ ಮೇಲೆ ರಸಸಾರ, ಅಂದರೆ ಪಿಎಚ್, 9ಕ್ಕಿಂತ ಕೆಳಗೆ ಇಳಿದದ್ದು ನೋಡಿಯೇ ಮರಿ ಬಿಡಿ. ಅದಕ್ಕೆ ಹತ್ತು ಹದಿನೈದು ದಿನ ಹಿಡಿಯಬಹುದು.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಲ್ಲಿ ಬಿರುಕು ಬಿಡುವ ಮಣ್ಣೇ ಇಲ್ಲ. ಅಲ್ಲಿ ತಳದ ಕೆಸರು ತೆಗೆದು, ಹಾಳೆಯ ಮಡಿಕೆಗಳನ್ನು ಪೊರಕೆಯಿಂದ ಉಜ್ಜಿ, ಪೂರ್ತಿ ಒಣಗಿಸಿದರೆ ಸಾಕು.

ಬತ್ತದ ಕೊಳವಾದರೆ ದಾರಿ ಸ್ವಲ್ಪ ಕಠಿಣ. ಎಕರೆ ಅಗಲ, ಒಂದು ಮೀಟರ್ ಆಳಕ್ಕೆ 1,000 ಕೆಜಿ ಹಿಪ್ಪೆ ಹಿಂಡಿ, ಇಲ್ಲವೇ 140 ಕೆಜಿ ಬ್ಲೀಚಿಂಗ್ ಪುಡಿ ಹಾಕಿ ಹಳೆಯ ಮೀನುಗಳನ್ನೆಲ್ಲ ತೆಗೆಯುವುದು ರೂಢಿ. ಸೋಂಕು ಹೊತ್ತ ಹಳೆ ಮೀನು ಹೋಗುವುದೇ ದೊಡ್ಡ ಲಾಭ. ಹಿಪ್ಪೆ ಹಿಂಡಿ ಹಾಕಿದರೆ ಮೂರು ವಾರ, ಬ್ಲೀಚಿಂಗ್ ಪುಡಿಯಾದರೆ ಒಂದು ವಾರದ ಮೇಲೆ ಕಾದು, ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿಯಲ್ಲಿ, ನಾಲ್ಕು ಮರಿ ಬಿಟ್ಟು ನೋಡಿ ಮುಂದುವರಿಯಿರಿ. ಊರಿನ ಕುಡಿಯುವ ನೀರಿನ ಕೆರೆ, ದನಕರು ಇಳಿಯುವ ಕೆರೆ ಆಗಿದ್ದರೆ ಇದ್ಯಾವುದೂ ಬೇಡ. ಅಲ್ಲಿ ಕಳೆ ತೆಗೆಯುವುದು, ದೊಡ್ಡ ಗಾತ್ರದ ಮರಿ ಬಿಡುವುದು, ಇವೆರಡನ್ನೇ ಗಟ್ಟಿಯಾಗಿ ಮಾಡಿ. ರಕ್ತದ ಹುಳು ಕೊಲ್ಲುವುದು ಹೆಚ್ಚಾಗಿ ಸಣ್ಣ ಮರಿಗಳನ್ನು. ಬೆರಳುದ್ದಕ್ಕಿಂತ ದೊಡ್ಡದಾದದ್ದು ಬಹುಪಾಲು ತಡೆದುಕೊಳ್ಳುತ್ತದೆ.

ಹಂತ 7: ಮತ್ತೆ ಒಳಗೆ ಬರದ ಹಾಗೆ

ಜಿಗಣೆ, ಬಸವನಹುಳು ನಡೆದು ಬರುವುದು ಅಪರೂಪ. ಹೆಚ್ಚಾಗಿ ನಾವೇ ತರುತ್ತೇವೆ. ಮರಿಯ ಚೀಲದ ನೀರಿನಲ್ಲಿ, ಬೇರೆ ಕೆರೆಯಲ್ಲಿ ಎಳೆದ ಒದ್ದೆ ಬಲೆಯಲ್ಲಿ, ಕಾಲುವೆ ನೀರಿನಲ್ಲಿ ಬರುತ್ತವೆ.

ಮರಿ ತಂದಾಗ ಚೀಲದ ನೀರನ್ನು ಕೊಳಕ್ಕೆ ಸುರಿಯಬೇಡಿ. ಮರಿಗಳನ್ನು ತೊಟ್ಟಿಯಲ್ಲೋ ಹಾಪಾದಲ್ಲೋ ಎರಡು ವಾರ ಬೇರೆ ಇಟ್ಟು ನೋಡಿ. ಅಷ್ಟರಲ್ಲಿ ನಾಲ್ಕಾರು ಮರಿಯ ಕಿವಿರನ್ನು ಪರೀಕ್ಷೆ ಮಾಡಿಸಿ. ಮರಿ ಮಾರುವವರನ್ನು ಒಂದು ಮಾತು ನೇರವಾಗಿ ಕೇಳಿ: ನಿಮ್ಮ ಮರಿಕೊಳ ಈ ವರ್ಷ ಒಣಗಿಸಿದ್ದೀರಾ? ಒಳ್ಳೆಯ ಕೇಂದ್ರದವರು ಬೇಸರ ಮಾಡಿಕೊಳ್ಳದೆ ತೋರಿಸುತ್ತಾರೆ.

ಕೆರೆಯಲ್ಲಿ, ಗದ್ದೆಯಲ್ಲಿ ಹಿಡಿದ ಕೊರವ, ಮಾಗೂರ್ ಮರಿಗಳನ್ನು ಕಾಟ್ಲಾ ಕೊಳಕ್ಕೆ ಬಿಡುವುದು ನನಗೆ ತೀರಾ ಚಿಂತೆ ತರುವ ಅಭ್ಯಾಸ. ಅವು ತಮ್ಮ ರಕ್ತದಲ್ಲಿ ಸೋಂಕು ಹೊತ್ತೂ ಆರಾಮಾಗಿ ಇರುತ್ತವೆ. ಕೊಳದಲ್ಲಿ ಜಿಗಣೆ ಇದ್ದರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಕಾಲುವೆ ನೀರು ಬಿಡುವ ಕಡೆ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಎರಡು ಪದರ ಕಟ್ಟಿ. ಇದು ಬಸವನಹುಳು, ಜಿಗಣೆ, ಕಾಡುಮೀನನ್ನು ತಡೆಯುತ್ತದೆ. ಬಸವನಹುಳುವಿನಿಂದ ಹೊರಬಂದ ರಕ್ತಹುಳುವಿನ ಮರಿಯನ್ನು ಬಲೆ ತಡೆಯುವುದಿಲ್ಲ, ಅಷ್ಟು ಚಿಕ್ಕದು. ಆದರೆ ಅದಕ್ಕೆ ಆಯಸ್ಸು ಒಂದೆರಡು ದಿನ ಮಾತ್ರ. ಮರಿ ಸಾಕುವ ತೊಟ್ಟಿಗಳಿಗೆ ಬಿಡುವ ನೀರನ್ನು ಬಸವನಹುಳು ಇಲ್ಲದ ಬೇರೊಂದು ತೊಟ್ಟಿಯಲ್ಲಿ ಮೂರು ದಿನ ನಿಲ್ಲಿಸಿ ಆಮೇಲೆ ಬಳಸಿದರೆ ಅಪಾಯ ಬಹಳ ಕಡಿಮೆ. ಬಲೆಗಳನ್ನು ಪ್ರತಿ ಸಲ ಬಿಸಿಲಿನಲ್ಲಿ ಗರಿಗರಿಯಾಗುವ ತನಕ ಒಣಗಿಸಿ. ಬಾಡಿಗೆ ಬಲೆಯವರು ಬೆಳಿಗ್ಗೆ ಬೇರೆ ಕೆರೆ ಮುಗಿಸಿ ಮಧ್ಯಾಹ್ನ ನಿಮ್ಮಲ್ಲಿಗೆ ಬರುತ್ತೇವೆ ಎಂದರೆ, ನಾಳೆ ಬನ್ನಿ ಎನ್ನಿ.

ಮಾರಬಹುದೇ, ತಿನ್ನಬಹುದೇ?

ಎಲ್ಲರೂ ಅಳುಕುತ್ತಾ ಕೇಳುವ ಪ್ರಶ್ನೆ. ಮೀನಿನ ಟ್ರಿಪನೋಸೋಮವಾಗಲಿ ರಕ್ತದ ಹುಳುವಾಗಲಿ ಮನುಷ್ಯರಿಗೆ ಅಂಟುವುದಿಲ್ಲ. ಬೇಯಿಸಿದ ಮೀನು ತಿನ್ನಲು ಅಡ್ಡಿಯಿಲ್ಲ. ಆದರೆ ಸತ್ತು ತೇಲಿದ್ದು, ಹೊಟ್ಟೆ ಉಬ್ಬಿದ್ದು, ಹುಣ್ಣಾದದ್ದು ಮಾರಬೇಡಿ. ಅಂಥ ಮೀನಿನಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತವೆ. ಅವನ್ನು ಸುಣ್ಣ ಹಾಕಿ, ನಾಯಿ ಬಗೆಯದಷ್ಟು ಆಳಕ್ಕೆ, ನೀರಿನಿಂದ ದೂರ ಹೂಳಬೇಕು. ಕಾಯಿಲೆ ಕೊಳದ ಮೀನನ್ನು ಜೀವಂತವಾಗಿ ಬೇರೆ ರೈತರಿಗೆ ಸಾಕಲು ಕೊಡುವುದು, ಕೊಳದ ನೀರನ್ನು ಊರ ಕೆರೆಗೆ ಬಿಡುವುದು ಮಾತ್ರ ಎಂದಿಗೂ ಬೇಡ. ಆ ನೀರನ್ನು ಅಡಿಕೆಗೋ ತೆಂಗಿಗೋ ಹಾಯಿಸಿ.